ಭೀಮೆಯ ನೀರಿನಲ್ಲಿ ನಿಂತ ಗಾಡಿಗೆ ವಿಮೆ ಹಣ ಪಡೆದ ನನ್ನ ಅನುಭವ

ಕೀಟನಾಶಕದ ಆರ್ಡರ್ ಹಿಡಿಯುವ ಕೆಲಸಕ್ಕೆ ಸೇರಿ ಹದಿಮೂರು ವರ್ಷವಾಯಿತು. ಕಲಬುರಗಿಯಿಂದ ಒಂದು ದಿನ ಅಫಜಲಪುರ, ಇನ್ನೊಂದು ದಿನ ಜೇವರ್ಗಿ, ಮತ್ತೊಂದು ದಿನ ಚಿತ್ತಾಪುರ. ದಿನಕ್ಕೆ ನೂರು, ನೂರಿಪ್ಪತ್ತು ಕಿಲೋಮೀಟರ್ ಗಾಡಿಯ ಮೇಲೆಯೇ. ಈ ಲೈನುಗಳಲ್ಲಿ ತಿರುಗುವ ನಮ್ಮವರೆಲ್ಲರ ಮಾತು ಒಂದೇ: "ಥರ್ಡ್ ಪಾರ್ಟಿ ಕಟ್ಟಿ ಸುಮ್ಮನಿರಣ್ಣಾ, ಎರಡು ಗಾಲಿಯ ಗಾಡಿಗೆ ಕ್ಲೇಮ್ ಬಂದದ್ದನ್ನು ಯಾರು ಕಂಡಿದ್ದಾರೆ?" ಥರ್ಡ್ ಪಾರ್ಟಿ ಎಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ ಸಿಗುವ ವಿಮೆ. 2025ರ ಅಕ್ಟೋಬರಿನಲ್ಲಿ ನನ್ನ ಗಾಡಿಯ ಬಿಲ್ಲು ಹತ್ತೊಂಬತ್ತು ಸಾವಿರದ ಮೇಲೆ ಆಯಿತು, ಅದರಲ್ಲಿ ನನ್ನ ಜೇಬಿನಿಂದ ಹೋದದ್ದು ಒಂದೂವರೆ ಸಾವಿರ. ಆ ಬಿಲ್ಲನ್ನು ಇವರೆಲ್ಲ ಕೈಯಲ್ಲಿ ಹಿಡಿದು ನೋಡಿದ್ದಾರೆ.

ಅಲ್ಲಿಗೆ ಮುಟ್ಟುವ ಮೊದಲು ಎರಡು ಸಲ ಸೋತಿದ್ದೇನೆ. ಮೊದಲ ಗಾಡಿ ತೆಗೆದದ್ದು 2018ರ ಡಿಸೆಂಬರಿನಲ್ಲಿ. ಆ ವರ್ಷದ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯವಾಗಿತ್ತು. ಕಾಗದದ ಮೇಲೆ 2023 ಎಂದು ಇದ್ದದ್ದನ್ನು ನೋಡಿ ಐದು ವರ್ಷ ಚಿಂತೆಯಿಲ್ಲ ಎಂದುಕೊಂಡೆ. ನಮ್ಮ ಗಾಡಿಗೇ ಆದ ಹಾನಿಗೆ ಹಣ ಕೊಡುವ ಸ್ವಂತ ಹಾನಿಯ ಭಾಗ ಒಂದೇ ವರ್ಷದ್ದು, 2019ರಲ್ಲೇ ಮುಗಿದುಹೋಗಿತ್ತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ಗಾಡಿ ಎರಡು ದಿನ ನೀರಿನಲ್ಲಿ ನಿಂತಿತು. ನೀರು ಇಳಿದ ಕೂಡಲೇ ಕಿಕ್ ಹೊಡೆದೆ. ಎಂಜಿನ್ನೊಳಗಿನ ಕನೆಕ್ಟಿಂಗ್ ರಾಡ್ ಬಾಗಿತು. ಹದಿನಾಲ್ಕು ಸಾವಿರ, ಪೂರ್ತಿ ನನ್ನದೇ. ಆ ತಿಂಗಳು ಮಗಳ ಶಾಲೆಯ ಫೀಸಿಗೆ ಸಾಲ ಮಾಡಿದೆ.

ಮರುವರ್ಷ ಸ್ವಂತ ಹಾನಿಯ ಪಾಲಿಸಿಯನ್ನು ಬೇರೆಯಾಗಿ ಕಟ್ಟಿದೆ. 2022ರ ಫೆಬ್ರವರಿಯಲ್ಲಿ ರಾತ್ರಿ ಎಮ್ಮೆ ಅಡ್ಡ ಬಂತು. ಬಿಲ್ಲು ಹನ್ನೊಂದು ಸಾವಿರ, ಕೈಗೆ ಬಂದದ್ದು ಐದರ ಆಸುಪಾಸು. ಹಳತಾದವು ಎಂದು ಕಡಿಯುವ ಸವಕಳಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ, ಮೂರು ವರ್ಷ ದಾಟಿದ ಗಾಡಿಯ ಲೋಹಕ್ಕೆ ಶೇ. 25. ಇಂದಿನ ಗಾಡಿಗಳ ಮೈಯೆಲ್ಲ ಪ್ಲಾಸ್ಟಿಕ್ಕೇ ಅಲ್ಲವೇ? ಮಡ್‌ಗಾರ್ಡ್, ವೈಸರ್, ಪಕ್ಕದ ಪ್ಯಾನಲ್ ಎಲ್ಲಕ್ಕೂ ಅರ್ಧ ಕಡಿತ.

ಹೀಗಾಗಿ 2022ರ ನವೆಂಬರಿನಲ್ಲಿ 125 ಸಿಸಿಯ ಹೊಸ ಗಾಡಿ ತೆಗೆದಾಗ ಶೋರೂಮಿನವರು ಮುಂದಿಟ್ಟ ಪಟ್ಟಿಯನ್ನು ನಮ್ಮ ರಸ್ತೆಗೆ ಹೋಲಿಸಿ ನೋಡಿದೆ. ಐದು ವರ್ಷದ ಥರ್ಡ್ ಪಾರ್ಟಿಗೆ 3,851 ರೂಪಾಯಿ ಮತ್ತು ತೆರಿಗೆ. ಅದರಲ್ಲಿ ಚೌಕಾಸಿಗೆ ಜಾಗವಿಲ್ಲ. ಬೇರೆ ಹಣ ಕಟ್ಟಿ ಪಾಲಿಸಿಗೆ ಸೇರಿಸುವ ಹೆಚ್ಚುವರಿಗಳಲ್ಲಿ ಸವಕಳಿ ಕಡಿಯದ ಜೀರೋ ಡೆಪ್ ಮತ್ತು ನೀರು ಹೊಕ್ಕು ಕೆಟ್ಟ ಎಂಜಿನ್ನಿಗೆ ಹಣ ಕೊಡುವ ಎಂಜಿನ್ ರಕ್ಷಣೆ ಎರಡನ್ನೇ ಗಟ್ಟಿ ಹಿಡಿದೆ. ಒಂದಕ್ಕೆ ನಾಲ್ಕುನೂರರಷ್ಟು, ಇನ್ನೊಂದಕ್ಕೆ ನೂರೈವತ್ತರಷ್ಟು. ಗಾಡಿ ಕಳುವಾದರೆ ಕೊಂಡಾಗಿನ ಇನ್‌ವಾಯ್ಸ್ ಬೆಲೆಯನ್ನೇ ಕೊಡುವ ಹೆಚ್ಚುವರಿಯನ್ನು ಒಂದೇ ವರ್ಷ ಇಟ್ಟು ಬಿಟ್ಟೆ. ರಸ್ತೆ ನೆರವನ್ನೂ ಒಂದು ವರ್ಷ ಕಟ್ಟಿದ್ದೆ. ಚಿತ್ತಾಪುರ ರಸ್ತೆಯಲ್ಲಿ ಕ್ಲಚ್ ಕೇಬಲ್ ಕಡಿದಾಗ ಫೋನು ಮಾಡಿದರೆ, ಆ ಕಡೆ ನಮ್ಮ ಜನ ಇಲ್ಲ ಎಂಬ ಉತ್ತರ ಬಂತು. ಅಂದೇ ಅದಕ್ಕೆ ಕೈಮುಗಿದೆ. ನಗರದೊಳಗೇ ಓಡಾಡುವವರಿಗೆ ಅದು ಬೇಕಾದೀತು.

ಕ್ಲೇಮ್ ಮಾಡದ ವರ್ಷಗಳಿಗೆ ಕಂತಿನಲ್ಲಿ ಏರುತ್ತಾ ಹೋಗುವ ರಿಯಾಯಿತಿಯೇ ನೋ ಕ್ಲೇಮ್ ಬೋನಸ್. ಅದನ್ನು ಉಳಿಸಿಕೊಡುವ ಹೆಚ್ಚುವರಿಯಂತೂ ಬೈಕಿಗೆ ಬೇಡವೇ ಬೇಡ. ಬೋನಸ್ ಹೋಗುತ್ತದೆ ಎಂಬ ಭಯಕ್ಕೆ ನಾಲ್ಕೈದು ಸಾವಿರದ ಬಿಲ್ಲನ್ನು ಕೈಯಿಂದ ಕಟ್ಟಿದವರನ್ನು ಕಂಡಿದ್ದೇನೆ. ಆ ರಿಯಾಯಿತಿ ಬರುವುದು ಸ್ವಂತ ಹಾನಿಯ ಕಂತಿಗೆ ಮಾತ್ರ. ನನ್ನ ಗಾಡಿಗೆ ಆ ಕಂತು ಸಾವಿರದ ಆಸುಪಾಸು. ಶೇ. 25 ಎಂದರೆ ಇನ್ನೂರೈವತ್ತು ರೂಪಾಯಿ. ಕ್ಲೇಮ್ ಮಾಡಿದ್ದರಿಂದ ಮುಂದಿನ ನಾಲ್ಕು ವರ್ಷ 35, 45, 50ಕ್ಕೆ ಏರದೆ ಸೊನ್ನೆಯಿಂದ ಶುರುವಾಗುವ ನಷ್ಟವನ್ನೆಲ್ಲ ಕೂಡಿಸಿದೆ. ಒಟ್ಟು ಸಾವಿರ ಆಯಿತು. ಅಂದಿನಿಂದ ಒಂದೂವರೆ ಸಾವಿರದೊಳಗಿನ ರಿಪೇರಿ ನನ್ನದು, ಅದರ ಮೇಲಿನದು ಕಂಪನಿಯದು.

ಕಂತು ಇಳಿಸಲು ಇನ್ನೂ ಕೆಲವನ್ನು ಪರೀಕ್ಷಿಸಿದೆ. ಪಾಲಿಸಿಯಲ್ಲಿ ಬರೆದ ಗಾಡಿಯ ಘೋಷಿತ ಬೆಲೆಯನ್ನು ಎಂಟು ಸಾವಿರ ಇಳಿಸಿದರೆ ಉಳಿದದ್ದು ತೊಂಬತ್ತು ರೂಪಾಯಿ. ಗಾಡಿ ಕಳುವಾದರೆ ಎಂಟು ಸಾವಿರ ಹೋದಂತೆಯೇ. ಹಿಂದಕ್ಕೆ ಏರಿಸಿದೆ. ಒಂದು ಸಂಜೆ ಏಜೆಂಟರ ಲೆಕ್ಕವನ್ನೂ ಮೊಬೈಲಿನ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟಾಗ ನಾಲ್ಕುನೂರರ ವ್ಯತ್ಯಾಸ ಕಂಡಿತು. ಕಾರಣ ಇದು: ಮಾಲೀಕ-ಸವಾರನ ಹದಿನೈದು ಲಕ್ಷದ ಅಪಘಾತ ವಿಮೆಯನ್ನು ನನ್ನ ಹೆಸರಿನ ಹಳೆಯ ಸ್ಕೂಟರಿಗೂ ಕಟ್ಟುತ್ತಿದ್ದೆ, ಇದಕ್ಕೂ ಕಟ್ಟುತ್ತಿದ್ದೆ. ಒಬ್ಬ ಮಾಲೀಕನಿಗೆ ಒಂದೇ ಸಾಕು.

ಇನ್ನು ಆ ನೀರಿನ ಕಥೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮೆ ಮತ್ತೆ ಉಕ್ಕಿತು. ಅಫಜಲಪುರ ಲೈನಿನ ಒಂದು ಅಂಗಡಿಯ ಮುಂದೆ ಗಾಡಿ ಬಿಟ್ಟು, ಸಹೋದ್ಯೋಗಿಯ ಜೀಪಿನಲ್ಲಿ ಮನೆಗೆ ಬಂದಿದ್ದೆ. ನೀರು ಇಳಿದ ಮೇಲೆ ಹೋಗಿ ನೋಡಿದರೆ ಟ್ಯಾಂಕಿನ ನಡುವಿನವರೆಗೆ ಕೆಸರಿನ ಗೆರೆ, ಚಕ್ರದ ಕಡ್ಡಿಗಳಿಗೆ ಸುತ್ತಿಕೊಂಡ ಕಬ್ಬಿನ ರವದಿ, ಸೈಲೆನ್ಸರಿನಿಂದ ಇನ್ನೂ ತೊಟ್ಟಿಕ್ಕುತ್ತಿದ್ದ ಕಂದು ನೀರು. ಅಂಗಡಿಯ ಹುಡುಗ "ಕಾಕಾ, ಒಂದು ಕಿಕ್ ಹೊಡೆದು ನೋಡಲೇ?" ಎಂದು ಕಾಲು ಎತ್ತಿಯೇ ಬಿಟ್ಟ. ಅವನ ತೋಳು ಹಿಡಿದು ಹಿಂದಕ್ಕೆ ಎಳೆದೆ. ಕೀಲಿ ಹಾಕಲಿಲ್ಲ. ಬ್ಯಾಟರಿಯ ತಂತಿ ಬಿಚ್ಚಿದೆ. ನಂಬರ್ ಪ್ಲೇಟ್, ಕೆಸರಿನ ಗೆರೆ, ಹಿಂದಿನ ಅಂಗಡಿ ಮೂರೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೋ ತೆಗೆದು, ನಿಂತಲ್ಲಿಂದಲೇ ಕಂಪನಿಗೆ ಫೋನು ಮಾಡಿ ಕ್ಲೇಮ್ ಸಂಖ್ಯೆ ಪಡೆದೆ. ಟೆಂಪೋದಲ್ಲಿ ಕಲಬುರಗಿಗೆ ತರಲು ಹನ್ನೆರಡು ನೂರು ಆಯಿತು. ಎಳೆದು ತಂದ ಬಾಬ್ತಿಗೆ ಅವರು ಕೊಡುವುದು ಮುನ್ನೂರು ಮಾತ್ರ.

ಹಾನಿ ನೋಡಲು ಕಂಪನಿಯ ಕಡೆಯಿಂದ ಬಂದ ಸರ್ವೇಯರ್ ಕೇಳಿದ ಮೊದಲ ಪ್ರಶ್ನೆಯೇ "ಸ್ಟಾರ್ಟ್ ಮಾಡಿದಿರಾ?" ನಾನು ಬಾಯಿಮಾತಿನ ಉತ್ತರ ಕೊಡಲಿಲ್ಲ. ಅವರ ಎದುರಿಗೇ ಎಣ್ಣೆಯ ಬೋಲ್ಟ್ ಬಿಚ್ಚಲು ಮಿಸ್ತ್ರಿಗೆ ಹೇಳಿದೆ. ಮೊದಲು ಒಂದು ಲೋಟ ಬರೀ ನೀರು ಬಂತು, ಅದರ ಹಿಂದೆ ಕಪ್ಪು ಎಣ್ಣೆ. ಎಂಜಿನ್ ತಿರುಗಿಸಿದ್ದರೆ ಎರಡೂ ಕಲೆತು ಹಾಲು ಹಾಕಿದ ಚಹಾದ ಬಣ್ಣ ಇರುತ್ತಿತ್ತು. ಸರ್ವೇಯರ್ ಆ ಡಬ್ಬಿಯ ಫೋಟೋ ತಾವೇ ತೆಗೆದುಕೊಂಡರು. ನೀರಿನಲ್ಲಿ ಮುಳುಗಿದ ಎಂಜಿನ್ನನ್ನು ಮತ್ತೆ ಚಾಲೂ ಮಾಡಿ ಕೆಡಿಸಿಕೊಂಡರೆ ಎಂಜಿನ್ ರಕ್ಷಣೆ ಇದ್ದರೂ ತಕರಾರು ಬರುತ್ತದೆ.

ಗಾಡಿ ಹದಿನೆಂಟು ದಿನ ಗ್ಯಾರೇಜಿನಲ್ಲೇ ಇತ್ತು. ವೈರಿಂಗ್, ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ (ಇಸಿಯು), ಸ್ಟಾರ್ಟರ್ ಮೋಟಾರ್, ಬೇರಿಂಗುಗಳು, ಕ್ಲಚ್ ಪ್ಲೇಟು. ನನ್ನ ಪಾಲಿಗೆ ಪ್ರತಿ ಕ್ಲೇಮಿಗೂ ಮಾಲೀಕನೇ ಹಾಕಬೇಕಾದ ಕಡ್ಡಾಯದ ನೂರು ರೂಪಾಯಿ, ಬ್ಯಾಟರಿಯ ಅರ್ಧ, ಎಣ್ಣೆ, ಗ್ರೀಸು, ಫಿಲ್ಟರು. ಇಲ್ಲಿ ನನಗೆ ತುಂಬ ನೆರವಾದದ್ದು ಇನ್ನೊಂದು ಅಭ್ಯಾಸ. ಪ್ರತಿ ತಿಂಗಳ ಒಂದನೇ ತಾರೀಕು ಆ ದಿನದ ಪತ್ರಿಕೆಯನ್ನು ಸೀಟಿನ ಮೇಲೆ ಹರಡಿ ಗಾಡಿಯ ನಾಲ್ಕೂ ಬದಿಯ ಫೋಟೋ ತೆಗೆಯುತ್ತೇನೆ. ಎಡಗಡೆಯ ಪ್ಯಾನಲ್ ಮೊದಲೇ ಒಡೆದಿತ್ತೇ ಎಂಬ ಅನುಮಾನ ಎದ್ದಾಗ ಸೆಪ್ಟೆಂಬರ್ ಒಂದರ ಫೋಟೋ ತೋರಿಸಿದೆ, ಅದೂ ಮಂಜೂರಾಯಿತು.

ನವೆಂಬರಿನ ನವೀಕರಣಕ್ಕೆ ಬೋನಸ್ ಇಲ್ಲದೆ ಎರಡು ಸಾವಿರದ ನೂರರಷ್ಟು ಬಿತ್ತು. ಐದು ವರ್ಷ ದಾಟಿದ ಗಾಡಿಗೆ ಜೀರೋ ಡೆಪ್ ಸಿಗುವುದು ಕಷ್ಟ, ಥರ್ಡ್ ಪಾರ್ಟಿಯೂ 2027ರ ನವೆಂಬರಿಗೆ ಮುಗಿಯುತ್ತದೆ. ಎರಡೂ ತಾರೀಕುಗಳನ್ನು ಪೇಂಟಿನಲ್ಲಿ ಸೀಟಿನ ಕೆಳಗೆ ಬರೆದಿಟ್ಟಿದ್ದೇನೆ.