ಕ್ಯುಟಿಕಲ್ ಕತ್ತರಿಸುವುದು ಬಿಟ್ಟೆ, ಉಗುರು ಉಳಿಯಿತು

ನನ್ನ ಹತ್ತೂ ಉಗುರು ಈಗ ಒಂದೇ ಅಳತೆಯಲ್ಲಿವೆ. ತುದಿಯಲ್ಲಿ ಪದರ ಬಿಟ್ಟಿಲ್ಲ, ಬುಡದಲ್ಲಿ ಸಿಪ್ಪೆ ಎದ್ದಿಲ್ಲ. ಉಗುರು ಹೀಗಿರಲು ಶುರುವಾಗಿ ಹತ್ತಿರ ಹತ್ತಿರ 8 ತಿಂಗಳಾಯಿತು. ಕ್ಯುಟಿಕಲ್ ಅಂದರೆ ಉಗುರಿನ ಬುಡದಲ್ಲಿರುವ ಚರ್ಮದ ಅಂಚು. "ಕ್ಯುಟಿಕಲ್ ತೆಗೀದೆ ಉಗುರು ಚೆಂದ ಕಾಣೋದುಂಟೇನೇ? ಸುಮ್ನೆ ಟೈಮ್ ವೇಸ್ಟ್" ಅಂದಿದ್ದ ಅಕ್ಕ ಮೊನ್ನೆ ನನ್ನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಅದಕ್ಕೇ ಬರೆಯಲು ಕೂತೆ.

ಉಗುರು ಉಜ್ಜಿ ಆಕಾರ ಕೊಡುವ ಫೈಲ್ ಹೇಗೆ ಹಿಡಿಯಬೇಕು, ಬಣ್ಣಕ್ಕೆ ಮೊದಲು ಹಚ್ಚುವ ಬೇಸ್ ಕೋಟ್ ಯಾಕೆ ಬೇಕು, ಇದೆಲ್ಲ ನಿಮಗೆ ಗೊತ್ತೇ ಇದೆ. ನಾನು ಕೆಡಿಸಿಕೊಂಡ ಕಥೆ ಮೊದಲು ಹೇಳುತ್ತೇನೆ.

ಸುಮಾರು 4 ವರ್ಷ ಪ್ರತಿ ಭಾನುವಾರ ಬಿಸಿನೀರಲ್ಲಿ ಬೆರಳು ನೆನೆಸಿ, ಕ್ಯುಟಿಕಲ್ ಕತ್ತರಿಸಲು ನಿಪ್ಪರ್ (ಚೂಪು ಬಾಯಿಯ ಪುಟ್ಟ ಕತ್ತರಿ) ಹಿಡಿಯುತ್ತಿದ್ದೆ. ಅವತ್ತು ಸಂಜೆ ಕೈ ನೋಡಲು ಚೆಂದ. ಬುಧವಾರದ ಹೊತ್ತಿಗೆ ಅಂಚು ಒರಟು. ಶುಕ್ರವಾರ ಸಿಪ್ಪೆ ಎದ್ದು ಬಟ್ಟೆಗೆಲ್ಲ ಸಿಕ್ಕಿಕೊಳ್ಳುತ್ತಿತ್ತು. ಭಾನುವಾರ ಮತ್ತೆ ಅದೇ ಕೆಲಸ. ಒಮ್ಮೆ ಬಲಗೈ ತೋರುಬೆರಳಲ್ಲಿ ನಿಪ್ಪರ್ ಸ್ವಲ್ಪ ಆಳಕ್ಕೆ ಹೋಯಿತು. ಮೂರನೇ ದಿನಕ್ಕೆ ಉಗುರುಸುತ್ತು. ಬೆರಳು ಕೆಂಪಗೆ ಊದಿ, ರಾತ್ರಿಯೆಲ್ಲ ದಪದಪ ಬಡಿಯುತ್ತಿತ್ತು. ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟರೆ ಮಾತ್ರ ಸ್ವಲ್ಪ ಆರಾಮ. ಕೀವು ತೆಗೆಸಿ, ಮಾತ್ರೆ ನುಂಗಿ, ವಾಸಿಯಾಗಲು 2 ವಾರ ಹಿಡಿಯಿತು. "ಬುಡದ ಆ ಚರ್ಮ ಒಂದು ಮುಚ್ಚಳ ಕಣಮ್ಮ, ನೀನೇ ಕಿತ್ತು ರೋಗಕ್ಕೆ ದಾರಿ ಮಾಡಿಕೊಟ್ಟಿದ್ದೀಯ" ಅಂದರು ಡಾಕ್ಟರ್. ಆ ಮಾತು ಚೆನ್ನಾಗಿ ನಾಟಿತು.

ದುಡ್ಡಿನ ವಿಷಯಕ್ಕೆ ಬಂದರೆ, ಜಾಸ್ತಿ ಹೋಗಿದ್ದು ಉಗುರು ಗಟ್ಟಿ ಮಾಡುತ್ತೇವೆ ಅನ್ನುವ ಬಾಟಲಿಗಳಿಗೆ. ಆರೋ ಏಳೋ ಖಾಲಿ ಮಾಡಿದ್ದೇನೆ. ಮೊದಲ 2 ವಾರ ಉಗುರು ನಿಜಕ್ಕೂ ಗಟ್ಟಿ. ಆಮೇಲೆ ಬಾಗುವ ಗುಣವೇ ಹೋಗಿ ಟಕ್ಕೆಂದು ಮುರಿಯಲು ಶುರು. ಲೇಬಲ್ ಓದಿದರೆ ಫಾರ್ಮಾಲ್ಡಿಹೈಡ್, ಉಗುರನ್ನು ಗಡಸು ಮಾಡುವ ರಾಸಾಯನಿಕ. ಪದರ ಬಿಡುವ ಉಗುರಿಗೆ ಬೇಕಾಗಿದ್ದು ಬಾಗುವ ಗುಣ, ನಾನು ಕೊಟ್ಟಿದ್ದು ಬರೀ ಗಡಸುತನ. ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆಯೂ 3 ತಿಂಗಳು ನುಂಗಿದೆ. ನನಗೇನೂ ವ್ಯತ್ಯಾಸ ಕಾಣಲಿಲ್ಲ. ಅದರ ಮೇಲೆ, ಥೈರಾಯ್ಡ್ ಪರೀಕ್ಷೆಗೆ ಹೋದಾಗ ಅದನ್ನು ನಿಲ್ಲಿಸಿ ಬನ್ನಿ ಎಂದು ವಾಪಸ್ ಕಳಿಸಿದರು. ಅದು ರಕ್ತಪರೀಕ್ಷೆಯ ಲೆಕ್ಕವನ್ನೇ ಏರುಪೇರು ಮಾಡುತ್ತದೆ. ನುಂಗುತ್ತಿರುವವರು ಲ್ಯಾಬಿಗೆ ಹೋಗುವ ಮೊದಲೇ ಡಾಕ್ಟರಿಗೆ ಹೇಳಿಬಿಡಿ. ಆ ಬಾಟಲಿ, ಮಾತ್ರೆಗಳ ದುಡ್ಡಲ್ಲಿ ನನಗೆ ಈಗ ಉಗುರಿಗೆ ಹಚ್ಚುವ ಎಣ್ಣೆ 5 ವರ್ಷಕ್ಕಾಗುವಷ್ಟು ಬರುತ್ತಿತ್ತು.

ಈಗ ಮಾಡುತ್ತಿರುವುದು ಇಷ್ಟೇ. ನೆನೆಸುವುದು ಪೂರ್ತಿ ಬಂದ್. ಉಗುರು ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ದಿನಕ್ಕೆ ಹತ್ತು ಸಲ ಹೀಗಾದರೆ ಪದರ ಬಿಡದೆ ಇನ್ನೇನಾಗುತ್ತದೆ? ಹಾಗಾಗಿ ಪಾತ್ರೆ ತೊಳೆಯುವಾಗ ಗ್ಲೌಸ್ ಕಡ್ಡಾಯ, ಒಳಗೆ ತೆಳು ಹತ್ತಿಯದು. ಇದನ್ನು ಶುರು ಮಾಡಿದ ಮೇಲೆಯೇ ತುದಿ ಸೀಳುವುದು ನಿಂತಿದ್ದು. ಫೈಲ್ ಮಾಡುವುದು ಉಗುರು ಒಣಗಿದ್ದಾಗ ಮಾತ್ರ, ಗಾಜಿನ ಫೈಲಲ್ಲಿ.

ಸ್ನಾನ ಆದ ತಕ್ಷಣ ಬುಡದ ಚರ್ಮ ಮೆತ್ತಗಿರುತ್ತದೆ. ಟವೆಲ್ ತುದಿಯನ್ನು ಹೆಬ್ಬೆರಳಿಗೆ ಸುತ್ತಿ, ಒಂದೊಂದು ಉಗುರಿನ ಬುಡವನ್ನೂ ಹಗುರವಾಗಿ ಹಿಂದಕ್ಕೆ ಸವರುತ್ತೇನೆ. ಉಗುರಿಗೆ ಅಂಟಿಕೊಂಡ ತೆಳ್ಳನೆ ಬಿಳಿ ಪೊರೆ ಸುರುಳಿ ಸುತ್ತಿಕೊಂಡು ಬರುತ್ತದೆ. ಅದು ಸತ್ತ ಚರ್ಮ, ಹೋಗಲಿ. ಅದರ ಹಿಂದಿನ ಜೀವ ಇರುವ ಅಂಚನ್ನು ಮುಟ್ಟಬಾರದು. ನೋವಾಯಿತು ಅಂದರೆ ಗೆರೆ ದಾಟಿದಿರಿ ಅಂತಲೇ ಅರ್ಥ. ನಿಪ್ಪರ್ ಈಗಲೂ ಇದೆ, ಪಕ್ಕದಲ್ಲಿ ಎದ್ದ ಸಿಪ್ಪೆಯನ್ನು ಬುಡದಲ್ಲಿ ಕತ್ತರಿಸುವುದಕ್ಕೆ ಮಾತ್ರ. ಎಳೆದು ಕೀಳುವುದಂತೂ ಇಲ್ಲವೇ ಇಲ್ಲ.

ಆಮೇಲೆ ಎಣ್ಣೆ. ರಾತ್ರಿ ಒಂದೇ ಸಲ ಸುರಿದುಕೊಂಡರೆ ಅರ್ಧ ಹೊದಿಕೆಗೆ ಹೋಗುತ್ತದೆ. ದಿನಕ್ಕೆ 4-5 ಸಲ, ಬೆರಳಿಗೆ ಸಾಸಿವೆಕಾಳಿನಷ್ಟು ಸಾಕು. ಉಗುರಿನ ತುದಿಯ ಕೆಳಗೂ ಹಚ್ಚಬೇಕು, ಅದನ್ನೇ ಎಲ್ಲರೂ ಮರೆಯುತ್ತಾರೆ. ಕೊಬ್ಬರಿ ಎಣ್ಣೆಯಿಂದ ನನ್ನ ಚರ್ಮ ಮೆತ್ತಗಾಯಿತು, ಉಗುರಿಗೆ ಸಾಲಲಿಲ್ಲ. ಬರೀ ಹರಳೆಣ್ಣೆ ಅಂಟಂಟು, ಮುಟ್ಟಿದ್ದಕ್ಕೆಲ್ಲ ಕಲೆ. ಕೊನೆಗೆ ನಿಂತಿದ್ದು ಜೊಜೊಬಾ ಗಿಡದ ಬೀಜದ ಎಣ್ಣೆಯಲ್ಲಿ. ಅದು ಎಣ್ಣೆ ಅನ್ನುವುದಕ್ಕಿಂತ ದ್ರವರೂಪದ ಮೇಣ. ಅದಕ್ಕೆ ಇನ್ನೆರಡು ಸೇರಿಸುತ್ತೇನೆ. ಯಾವುದು, ಎಷ್ಟು ಹನಿ ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೆ ಒಂದು ವರ್ಷ ಹಿಡಿದಿದೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. 6 ವಾರ ಎಡಗೈಗೆ ಬರೀ ಎಣ್ಣೆ, ಬಲಗೈಗೆ ಬರೀ ಯೂರಿಯಾ ಕ್ರೀಮ್, ಒಣ ಚರ್ಮ ಮೆತ್ತಗೆ ಮಾಡುವಂಥದ್ದು. ಸುತ್ತಲಿನ ಚರ್ಮಕ್ಕೆ ಕ್ರೀಮ್ ಗೆದ್ದಿತು. ತುದಿಯ ಪದರಕ್ಕೆ ಎಣ್ಣೆಯೇ ಮೇಲು. ಈಗ ಮಲಗುವಾಗ ಮೊದಲು ಕ್ರೀಮ್, ಮೇಲೆ ಎಣ್ಣೆ.

"ನಾವೂ ಮಾಡಿದ್ವಿ, ಏನೂ ಆಗಲಿಲ್ಲ" ಅನ್ನುವವರನ್ನು ಎಷ್ಟು ದಿನ ಮಾಡಿದಿರಿ ಎಂದು ಕೇಳಿದರೆ 3 ವಾರ ಅನ್ನುತ್ತಾರೆ. ಅಷ್ಟರಲ್ಲಿ ಹೊಸ ಉಗುರು ಬುಡ ಬಿಟ್ಟು ಎಷ್ಟು ಬಂದಿರುತ್ತದೆ? ಉಗುರುಸುತ್ತು ಆದ ಬೆರಳಲ್ಲಿ ನನಗೆ ಅಡ್ಡಲಾಗಿ ಒಂದು ತಗ್ಗು ಗೆರೆ ಮೂಡಿತ್ತು. ಅದು ಚರ್ಮದಿಂದ ಹೊರಗೆ ಬಂದ ದಿನದಿಂದ ಸ್ಕೇಲ್ ಇಟ್ಟು ಅಳೆಯುತ್ತಾ ಹೋದೆ. ತಿಂಗಳಿಗೆ 3 ಮಿ.ಮೀ., ಕೆಲವೊಮ್ಮೆ ಚೂರು ಜಾಸ್ತಿ. ಗೆರೆ ಮೇಲೇರಿ ಫೈಲಿಗೆ ಸಿಕ್ಕಿದ್ದು ಐದನೇ ತಿಂಗಳಲ್ಲಿ. ಹಾಳಾದ ಉಗುರು ರಿಪೇರಿ ಆಗುವುದಿಲ್ಲ, ಬೆಳೆದು ಹೊರಗೆ ಹೋಗಬೇಕು. ಅಲ್ಲಿವರೆಗೆ ನಾನು ಉಗುರನ್ನು ಗಿಡ್ಡಕ್ಕೇ ಇಟ್ಟೆ. ಉದ್ದ ಬಿಡುವ ಆಸೆ ತಡೆಯುವುದೇ ಕಷ್ಟವಾಗಿತ್ತು. ಉಗುರು ಉಜ್ಜಿ ಹೊಳಪು ತರುವ ಬಫರ್ ಕೂಡ ಮುಟ್ಟಲಿಲ್ಲ, ಉಜ್ಜಿದಷ್ಟೂ ಉಗುರು ತೆಳ್ಳಗಾಗುತ್ತದೆ.

ಅಕ್ಕನಿಗೂ ಒಂದು ಬ್ರಷ್ ಪೆನ್ನಿಗೆ ಎಣ್ಣೆ ತುಂಬಿಸಿ ಕೊಟ್ಟಿದ್ದೇನೆ. ನಾನೀಗ ಕಾಲಿನ ಉಗುರು ಶುರು ಮಾಡಿದ್ದೇನೆ. ಅದು ಬೆಳೆಯುವುದು ಕೈಯುಗುರಿನ ಅರ್ಧ ವೇಗದಲ್ಲಿ. ಹೆಬ್ಬೆರಳಿಗೆ ಒಂದು ವರ್ಷ, ಒಂದೂವರೆ ವರ್ಷ ಬೇಕಾಗಬಹುದು. ಈಗಿನ್ನೂ 2 ತಿಂಗಳಾಗಿದೆ.