ಜಡ್ಜ್ ಮೇಲೆ ಪೊಲಿಟಿಕಲ್ ಪ್ರೆಶರ್ ಐತೆ ಅಂತ ಡೌಟ್ ಬಂದ್ರೆ ಏನ್ ಮಾಡ್ಬೇಕು, ಏನ್ ಮಾಡ್ಬಾರ್ದು

ದಾವಣಗೆರೆ ಕೋರ್ಟ್ ಹತ್ರ ಟೀ ಅಂಗಡಿ ಮುಂದೆ ಅರ್ಧ ಗಂಟೆ ನಿಂತ್ರೆ ಸಾಕು, "ಎದುರು ಪಾರ್ಟಿಯವ್ರು ಮಿನಿಸ್ಟ್ರನ್ನ ಹಿಡ್ದಾರಂತೆ, ಜಡ್ಜ್ ಫಿಕ್ಸ್ ಅಂತೆ" ಅನ್ನೋ ಮಾತು ಕಿವಿಗೆ ಬಿದ್ದೇ ಬೀಳುತ್ತೆ. ಹಿಂಗ್ ಹೇಳೋರಲ್ಲೇ ಎಷ್ಟೋ ಜನ ಮೊನ್ನೆ ಇನ್ಯಾವ್ದೋ ಲೀಡರ್ ಮನೆ ಬಾಗಿಲಲ್ಲಿ ನಿಂತು "ಅಣ್ಣಾ, ನಮ್ ಪಾರ್ಟಿಶನ್ ಕೇಸಿಗೆ ಒಂದ್ ಫೋನ್ ಮಾಡಿಸ್ರಿ" ಅಂತ ಕೇಳ್ಕೊಂಡು ಬಂದಿರ್ತಾರೆ. ಅದಕ್ಕೇ ಮೊದಲನೇ ಕೆಲಸ, ಆ ಬಾಗಿಲಿಗೆ ಹೋಗ್ಬೇಡ್ರಿ. ನೀವು ಕೇಳೋ ವಶೀಲಿನೂ ಪ್ರೆಶರ್ರೇ, ಅವ್ರು ಕೇಳೋದೂ ಪ್ರೆಶರ್ರೇ. ನಿಮ್ ವಕೀಲ್ರಿಗೂ "ಸಾಹೇಬ್ರ ಹತ್ರ ಒಂದ್ ಮಾತು ಹೇಳ್ರಿ" ಅನ್ಬೇಡ್ರಿ, ನಡೀತಿರೋ ಕೇಸ್ ಬಗ್ಗೆ ಜಡ್ಜ್ ಹತ್ರ ಖಾಸಗಿಯಾಗಿ ಮಾತಾಡಬಾರ್ದು ಅಂತ ಬಾರ್ ಕೌನ್ಸಿಲ್ ರೂಲ್ಸಲ್ಲೇ ಐತೆ.

ಇನ್ನೊಂದು, ಎದುರು ಪಾರ್ಟಿಯವ್ರು "ಜಡ್ಜ್‌ನ ಟ್ರಾನ್ಸ್‌ಫರ್ ಮಾಡಿಸ್ತೀವಿ" ಅಂತ ಹೆದ್ರಿಸಿದ್ರೆ ಅರ್ಧ ಮಾತು ಬರೀ ಬಿಲ್ಡಪ್ಪು ಅಂದ್ಕೊಳ್ರಿ. ಪಿಎಸ್ಐ, ತಹಶೀಲ್ದಾರ್ರನ್ನ ಎತ್ತಂಗಡಿ ಮಾಡ್ಸೋದು ನೋಡಿ ನೋಡಿ ನಮ್ ಜನಕ್ಕೆ ಜಡ್ಜೂ ಹಂಗೇ ಅನ್ಸಿಬಿಟ್ಟೈತೆ. ಸಂವಿಧಾನದ 235ನೇ ವಿಧಿ ಪ್ರಕಾರ ಜಿಲ್ಲಾ ಕೋರ್ಟುಗಳು, ಅದರ ಕೆಳಗಿನ ಕೋರ್ಟುಗಳ ಮೇಲೆ ಹತೋಟಿ ಇರೋದು ಹೈಕೋರ್ಟಿಗೆ, ವಿಧಾನಸೌಧಕ್ಕಲ್ಲ. ಹಂಗಂತ ಟ್ರಾನ್ಸ್‌ಫರ್ ಅನ್ನೋ ಅಸ್ತ್ರ ಸುಳ್ಳಲ್ಲ. ಎಮರ್ಜೆನ್ಸಿ ಟೈಮಲ್ಲಿ ಬೆಂಗಳೂರಲ್ಲಿ ಅರೆಸ್ಟ್ ಆಗಿದ್ದ ವಿರೋಧ ಪಕ್ಷದ ಲೀಡರ್‌ಗಳು ಅಡ್ವಾಣಿ, ಮಧು ದಂಡವತೆ ಇವ್ರೆಲ್ಲ ಹಾಕಿದ್ದ ಹೇಬಿಯಸ್ ಕಾರ್ಪಸ್ (ನಮ್ಮನ್ನ ಹಿಡಿದಿಟ್ಟಿರೋದು ಕಾನೂನಿಗೆ ವಿರುದ್ಧ, ಬಿಡಿಸ್ರಿ ಅನ್ನೋ) ಅರ್ಜಿ ಕೇಳಿದ ನಮ್ ಹೈಕೋರ್ಟ್ ಜಡ್ಜ್‌ಗಳು ಡಿ.ಎಂ. ಚಂದ್ರಶೇಖರ್ ಮತ್ತೆ ಸದಾನಂದಸ್ವಾಮಿ ಇವ್ರಲ್ಲಿ ಒಬ್ರನ್ನ 1976ರಲ್ಲಿ ಕೇಂದ್ರ ಸರ್ಕಾರ ಅಲಹಾಬಾದಿಗೆ, ಇನ್ನೊಬ್ರನ್ನ ಗುವಾಹಟಿಗೆ ಕಳಿಸ್ತು, ಆ ವರ್ಷ ದೇಶದಲ್ಲಿ ಒಟ್ಟು 16 ಹೈಕೋರ್ಟ್ ಜಡ್ಜ್‌ಗಳಿಗೆ ಹಿಂಗೇ ಆಗಿತ್ತು. ಅದಕ್ಕೂ ಮುಂಚೆ 1973ರಲ್ಲಿ ಸಂವಿಧಾನದ ಮೂಲ ಸ್ವರೂಪ ಪಾರ್ಲಿಮೆಂಟೂ ಬದಲಾಯಿಸೋ ಹಂಗಿಲ್ಲ ಅಂದ ಕೇಶವಾನಂದ ಭಾರತಿ ತೀರ್ಪು ಬಂದ ಬೆನ್ನಲ್ಲೇ, ಸುಪ್ರೀಂ ಕೋರ್ಟ್ ಜಡ್ಜ್ ಆಗಿದ್ದ ನಮ್ ಕೆ.ಎಸ್. ಹೆಗ್ಡೆಯವ್ರ ಸೀನಿಯಾರಿಟಿ ದಾಟಿ ಬೇರೆಯವ್ರನ್ನ ಚೀಫ್ ಜಸ್ಟಿಸ್ ಮಾಡಿದ್ರು, ಅವ್ರು ರಾಜೀನಾಮೆ ಕೊಟ್ಟು ಹೊರಗೆ ಬಂದ್ರು.

ಸರಿ, ನಿಮ್ ಕೇಸಿಗೆ ಬರೋಣ. ಡೌಟ್ ಬಂದ ತಕ್ಷಣ ಮೊದ್ಲು ಬರೆದಿಡ್ರಿ, ಯಾವ ಡೇಟು, ಯಾರು ಏನಂದ್ರು, ಯಾರೆದುರಿಗೆ ಅಂದ್ರು, ಆವತ್ತಿನ ಆರ್ಡರ್ ಏನು. ಆರ್ಡರ್ ಶೀಟಿನ ನಕಲಿಗೆ ಅರ್ಜಿ ಹಾಕ್ರಿ, ಡೇಟುಗಳನ್ನ ಇ-ಕೋರ್ಟ್ಸ್ ಆ್ಯಪಲ್ಲಿ ಸಿಎನ್ಆರ್ ನಂಬರ್ (ಪ್ರತಿ ಕೇಸಿಗೂ ಕೊಡೋ ಗುರುತಿನ ನಂಬರ್) ಹಾಕಿ ನೋಡ್ಕೊಳ್ರಿ. ಒಂದು ಐ.ಎ. (ಕೇಸಿನ ಮಧ್ಯೆ ಹಾಕೋ ಅರ್ಜಿ) ವಜಾ ಆಯ್ತು, ಸ್ಟೇ ಸಿಗ್ಲಿಲ್ಲ ಅನ್ನೋದು ಪಕ್ಷಪಾತಕ್ಕೆ ಪುರಾವೆ ಅಲ್ಲ, ಅದನ್ನ ಮೇಲಿನ ಕೋರ್ಟಲ್ಲಿ ಪ್ರಶ್ನೆ ಮಾಡೋಕೆ ದಾರಿ ಐತೆ. ಕೋರ್ಟುಗಳು ನೋಡೋದು ನಿಮ್ ಭಯಕ್ಕೆ ಸರಿಯಾದ ಕಾರಣ ಐತಾ ಅಂತ. ಇದ್ರೆ ಕೇಸನ್ನ ಬೇರೆ ಕೋರ್ಟಿಗೆ ವರ್ಗ ಮಾಡ್ರಿ ಅಂತ ಕೇಳ್ಬಹುದು. ಸಿವಿಲ್ ಆದ್ರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 24ನೇ ಸೆಕ್ಷನ್ ಕೆಳಗೆ ಜಿಲ್ಲಾ ನ್ಯಾಯಾಧೀಶರಿಗೋ ಹೈಕೋರ್ಟಿಗೋ. ಕ್ರಿಮಿನಲ್ ಆದ್ರೆ 2024ರ ಜುಲೈ 1ರಿಂದ ಸಿಆರ್‌ಪಿಸಿ ಬದ್ಲು ಬಂದಿರೋ ಬಿಎನ್ಎಸ್ಎಸ್ ಪ್ರಕಾರ, ಅದೇ ಜಿಲ್ಲೆಯೊಳಗೆ ಬದಲಾಯಿಸೋಕೆ 448ನೇ ಸೆಕ್ಷನ್ ಕೆಳಗೆ ಮೊದ್ಲು ಸೆಷನ್ಸ್ ಜಡ್ಜ್ ಹತ್ರ, ಅಲ್ಲಿ ಆಗ್ಲಿಲ್ಲ ಅಂದ್ರೆ 447ರ ಕೆಳಗೆ ಹೈಕೋರ್ಟಿಗೆ, ಅಫಿಡವಿಟ್ ಸಮೇತ. ಕೇಸ್ ಎಳೆಯೋಕೆ ಅಂತ ಸುಮ್ಸುಮ್ನೆ ಹಾಕಿದ್ರೆ ಎದುರು ಪಾರ್ಟಿಗೆ ನೀವೇ ದುಡ್ಡು ಕಟ್ಕೊಡ್ಬೇಕಾಗುತ್ತೆ, ಹುಷಾರು.

ಜಡ್ಜ್ ಮೇಲೇ ಕಂಪ್ಲೇಂಟ್ ಇದ್ರೆ ಅದು ಹೋಗ್ಬೇಕಾದ ಜಾಗ ಹೈಕೋರ್ಟಿನ ವಿಜಿಲೆನ್ಸ್ ರಿಜಿಸ್ಟ್ರಾರ್. ಹೆಸರಿಲ್ಲದ ಮೂಗರ್ಜಿ ಬರೀಬೇಡ್ರಿ, ಅಫಿಡವಿಟ್ಟು, ಪರಿಶೀಲನೆ ಮಾಡಬಹುದಾದ ದಾಖಲೆ ಇಟ್ಟು ಕೊಡ್ರಿ. ಕಂಟೆಂಪ್ಟ್ ಆಗ್ಬಿಡುತ್ತೆ ಅಂತ ತುಂಬಾ ಜನ ಹೆದರ್ತಾರೆ, ಆದ್ರೆ 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 6ನೇ ಸೆಕ್ಷನ್ನಲ್ಲೇ ಕೆಳಗಿನ ಕೋರ್ಟಿನ ಜಡ್ಜ್ ಬಗ್ಗೆ ಪ್ರಾಮಾಣಿಕವಾಗಿ ಹೈಕೋರ್ಟಿಗೆ ದೂರು ಕೊಟ್ರೆ ನಿಂದನೆ ಅಲ್ಲ ಅಂತ ಐತೆ. ಮುಗಿದ ಕೇಸಿನ ತೀರ್ಪನ್ನ ನ್ಯಾಯವಾಗಿ ಟೀಕೆ ಮಾಡೋದೂ 5ನೇ ಸೆಕ್ಷನ್ ಪ್ರಕಾರ ತಪ್ಪಲ್ಲ. ಆದ್ರೆ ವಾಟ್ಸಾಪ್ ಗ್ರೂಪಲ್ಲಿ ಜಡ್ಜ್ ಫೋಟೋ ಹಾಕಿ, ಜಾತಿ ಹುಡುಕಿ, "ಇವ್ರು ಆ ಪಾರ್ಟಿಯವ್ರು" ಅಂತ ಫಾರ್ವರ್ಡ್ ಮಾಡೋದು ಟೀಕೆ ಅಲ್ಲ ರೀ, ಅದು ಇನ್ನೊಂದು ತರದ ಬೆದರಿಕೆ. ನಿಮ್ಗೆ ಬೇಕಾದ ಹಂಗೆ ತೀರ್ಪು ಬಂದಾಗ ಜಾತಿ ಯಾರಿಗೂ ನೆನಪಾಗಲ್ಲ ಬಿಡ್ರಿ.

"ಸಾಹೇಬ್ರಿಗೆ ಕೊಡ್ಬೇಕು" ಅಂತ ಮಧ್ಯದಲ್ಲಿ ಯಾರಾದ್ರೂ ದುಡ್ಡು ಕೇಳಿದ್ರೆ ಲೋಕಾಯುಕ್ತ ಪೊಲೀಸ್ರ ಹತ್ರ ಹೋಗ್ರಿ, ಎಷ್ಟೋ ಸಲ ಜಡ್ಜ್‌ಗೆ ಗೊತ್ತೇ ಇರಲ್ಲ. ಲಂಚ ಕೊಡೋದೂ ಅಪರಾಧ, ಬಲವಂತಕ್ಕೆ ಕೊಟ್ಟಿದ್ರೆ 7 ದಿನದೊಳಗೆ ಹೇಳ್ಬೇಕು.

ನನ್ ಕೇಳಿದ್ರೆ ರಾಜಕೀಯ ಜಾಸ್ತಿ ನುಗ್ಗೋದು ಜಡ್ಜ್ ಚೇಂಬರಿಗಲ್ಲ, ಸರ್ಕಾರಿ ವಕೀಲರ ಕಡೆಯಿಂದ. ಸರ್ಕಾರ ಕ್ಯಾಬಿನೆಟ್ಟಲ್ಲಿ ಕೂತು "ಈ ಕೇಸ್ ವಾಪಸ್" ಅನ್ನುತ್ತೆ, ಆದ್ರೆ ಕೋರ್ಟ್ ಒಪ್ಪಿಗೆ ಇಲ್ದೆ ಪ್ರಾಸಿಕ್ಯೂಶನ್ ವಾಪಸ್ ತಗೊಳ್ಳೋಕೆ ಆಗಲ್ಲ. 2000ನೇ ಇಸವಿಯಲ್ಲಿ ವೀರಪ್ಪನ್ ಡಾ. ರಾಜ್‌ಕುಮಾರ್ ಅವ್ರನ್ನ ಹೊತ್ಕೊಂಡು ಹೋದಾಗ ಇಡೀ ರಾಜ್ಯ ಉಸಿರು ಬಿಗಿಹಿಡಿದು ಕೂತಿತ್ತು, ಸರ್ಕಾರ ಅವ್ನ ಕಡೆಯವ್ರ ಮೇಲಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೇಸ್ ಕೈಬಿಡೋಕೆ ಹೊರಟಿತ್ತು, ಮೈಸೂರಿನ ಕೋರ್ಟೂ ಒಪ್ಪಿತ್ತು. ವೀರಪ್ಪನ್ ಗುಂಡಿಗೆ ಬಲಿಯಾಗಿದ್ದ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಅವ್ರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದ್ರು, ನವೆಂಬರ್‌ನಲ್ಲಿ ಆ ಒಪ್ಪಿಗೆ ರದ್ದಾಯ್ತು. ಮಗನ್ನ ಕಳ್ಕೊಂಡ ಒಬ್ಬ ತಂದೆ ಅಡ್ಡ ನಿಂತಿದ್ದಕ್ಕೆ ಆಗಿದ್ದು ಅದು. 2021ರ ಆಗಸ್ಟಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡ್ತು, ಎಂಪಿ ಎಮ್ಮೆಲ್ಲೆಗಳ ಮೇಲಿನ ಕೇಸ್ ಹೈಕೋರ್ಟ್ ಅನುಮತಿ ಇಲ್ದೆ ವಾಪಸ್ ಆಗಲ್ಲ. ಅದಕ್ಕೆ ನೀವು ದೂರುದಾರ್ರಾಗಿದ್ರೆ, ಸರ್ಕಾರಿ ವಕೀಲ್ರು ವಾಪಸ್ ಅರ್ಜಿ ಹಾಕ್ತಾರಾ ಅಂತ ಪ್ರತಿ ಡೇಟಿಗೂ ಕಣ್ಣಿಟ್ಟಿರ್ರಿ, ಹಾಕಿದ್ರೆ ವಕೀಲ್ರ ಮೂಲಕ ಆಕ್ಷೇಪಣೆ ಸಲ್ಲಿಸ್ರಿ.

ಕೋರ್ಟ್ ಹಾಲಿಗೆ ಹೋಗಿ ಕೂತ್ಕೊಳ್ಳೋಕೆ ಯಾರ ಪಾಸೂ ಬೇಡ, ಜಡ್ಜ್ ಬೇರೆ ಆದೇಶ ಮಾಡಿಲ್ಲ ಅಂದ್ರೆ ವಿಚಾರಣೆ ಎಲ್ರಿಗೂ ತೆರೆದೇ ಇರುತ್ತೆ, ಮೊಬೈಲ್ ಮಾತ್ರ ಆಫ್ ಮಾಡಿ ಸುಮ್ನೆ ಕೂರ್ಬೇಕು. ಹೈಕೋರ್ಟಿಗೆ ಹೋಗೋ ಪರಿಸ್ಥಿತಿ ಬಂದ್ರೆ, ಪಕ್ಕದ ರಾಣೆಬೆನ್ನೂರಿನವ್ರು ಹೋಗ್ತಾರೆ ಅಂತ ಧಾರವಾಡ ಪೀಠಕ್ಕೆ ಹೋಗ್ಬೇಡ್ರಿ, ದಾವಣಗೆರೆ ಚಿತ್ರದುರ್ಗದ ಕೇಸೆಲ್ಲ ಬೆಂಗಳೂರಿಗೇ.