‘ಹೇತ್ವಾಭಾಸ’ದ ಜೊತೆ ಒಂದಿಷ್ಟು ಗುದ್ದಾಟ

ಕಾಲೇಜು ಮಕ್ಕಳಿಗೆಂದು ಒಂದು ಪುಟ್ಟ ಇಂಗ್ಲಿಷ್ ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದೆ. ಸರಿಯಾಗಿ ಯೋಚಿಸುವುದು ಹೇಗೆ ಅನ್ನುವುದೇ ಅದರ ವಿಷಯ. ‘ಫ್ಯಾಲಸಿ’, ಅಂದರೆ ಸರಿ ಅನ್ನಿಸಿದರೂ ಒಳಗೆ ತಪ್ಪಿರುವ ತರ್ಕ, ಅನ್ನುವ ಪದ ಪುಟಪುಟಕ್ಕೂ ಬರುತ್ತಿತ್ತು. ಮೊದಲ ಕರಡಿನಲ್ಲಿ ಎಲ್ಲ ಕಡೆ ‘ಕುತರ್ಕ’ ಅಂತ ಹಾಕಿಬಿಟ್ಟೆ. ಎಲ್ಲರಿಗೂ ಗೊತ್ತಿರುವ ಪದ, ಕೆಲಸವೂ ಬೇಗ ಸಾಗಿತು.

ಎಡವಿದ್ದು ನಾಣ್ಯದ ಉದಾಹರಣೆಯಲ್ಲಿ. ಐದು ಸಲ ಚಿಮ್ಮಿದಾಗ ಐದೂ ಸಲ ಹೆಡ್ ಬಿತ್ತು. ಆರನೆಯ ಸಲ ಟೈಲ್ ಬೀಳಲೇಬೇಕು ಅಂತ ಜೂಜುಕೋರ ದುಡ್ಡು ಕಟ್ಟುತ್ತಾನೆ. ನಾಣ್ಯಕ್ಕೆ ನೆನಪು ಎಲ್ಲಿಂದ ಬರಬೇಕು? ಆರನೆಯ ಸಲವೂ ಸಾಧ್ಯತೆ ಅರ್ಧಕ್ಕರ್ಧವೇ. ಆದರೆ ಪಾಪ, ಅವನು ಯಾರಿಗೂ ಮೋಸ ಮಾಡುತ್ತಿಲ್ಲ, ಕಳೆದುಕೊಳ್ಳುತ್ತಿರುವುದು ತನ್ನ ದುಡ್ಡನ್ನೇ. ಅದನ್ನು ಕುತರ್ಕ ಅಂದರೆ ಬೈದ ಹಾಗಾಗುತ್ತದೆ. ಬೇಕಂತಲೇ ಮಾತು ತಿರುಚುವವನಿಗೆ ಹೇಳುವ ಪದ ಅದು.

‘ವಿತಂಡವಾದ’ವನ್ನೂ ಬಿಟ್ಟೆ. ನಾವು ಅದನ್ನು ಸುಮ್ನೆ ಮೊಂಡುವಾದಕ್ಕೆ ಬಳಸುತ್ತೇವೆ. ತರ್ಕಶಾಸ್ತ್ರದ ಹಳೆಯ ಸಂಸ್ಕೃತ ಗ್ರಂಥವಾದ ಗೌತಮನ ನ್ಯಾಯಸೂತ್ರದಲ್ಲಿ ಅದಕ್ಕೆ ಇನ್ನೂ ಬಿಗಿಯಾದ ಅರ್ಥವಿದೆ: ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಿನವರದನ್ನು ಮಾತ್ರ ಕೆಡವುತ್ತಾ ಹೋಗುವುದು.

ಕರಡು ನೋಡಿದ ನಿವೃತ್ತ ಸಂಸ್ಕೃತ ಮೇಷ್ಟ್ರು, ‘ಹೇತ್ವಾಭಾಸ ಇದೆಯಲ್ಲಪ್ಪಾ, ಯಾಕೆ ಒದ್ದಾಡ್ತೀಯ?’ ಅಂದು ಅನ್ನಂಭಟ್ಟನ ತರ್ಕಸಂಗ್ರಹವನ್ನು ಕೈಗಿಟ್ಟರು. 17ನೇ ಶತಮಾನದ್ದು, ತರ್ಕ ಕಲಿಯುವವರಿಗೆ ಮೊದಲ ಪಾಠ. ಅದರಲ್ಲಿ ಸವ್ಯಭಿಚಾರ, ವಿರುದ್ಧ, ಸತ್ಪ್ರತಿಪಕ್ಷ, ಅಸಿದ್ಧ, ಬಾಧಿತ ಅಂತ ಐದು ಹೇತ್ವಾಭಾಸಗಳಿವೆ. ಹೆಸರು ನೋಡಿ ಗಾಬರಿಯಾದೆ. ಉದಾಹರಣೆ ನೋಡಿದ ಮೇಲೆ ನಗು ಬಂತು. ‘ಆಕಾಶದ ತಾವರೆಗೆ ಪರಿಮಳವಿದೆ, ಯಾಕಂದ್ರೆ ಅದು ತಾವರೆ.’ ಆಕಾಶದಲ್ಲಿ ತಾವರೆ ಎಲ್ಲಿದೆ? ನಮ್ಮೂರ ಕಡೆ ‘ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು’ ಅನ್ನುತ್ತಾರಲ್ಲ, ಹೆಚ್ಚು ಕಮ್ಮಿ ಅದೇ!

ನನಗೆ ಜಾಸ್ತಿ ಹಿಡಿಸಿದ್ದು ಬೆಟ್ಟದ ಉದಾಹರಣೆ. ಬೆಟ್ಟದಲ್ಲಿ ಬೆಂಕಿ ಇದೆ, ಯಾಕಂದ್ರೆ ಹೊಗೆ ಕಾಣುತ್ತಿದೆ. ಇದು ಸರಿಯಾದ ಹೇತು. ಈಗ ತಿರುಗಿಸಿ: ಬೆಟ್ಟದಲ್ಲಿ ಹೊಗೆ ಇದೆ, ಯಾಕಂದ್ರೆ ಬೆಂಕಿ ಇದೆ. ಕಿವಿಗೆ ಎರಡೂ ಒಂದೇ ಥರ ಕೇಳುತ್ತವೆ, ಅಲ್ವಾ? ಆದರೆ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು ಅನ್ನುತ್ತದೆ ತರ್ಕಸಂಗ್ರಹ. ಹಸಿ ಸೌದೆ ಊದಿ ಕಣ್ಣು ಉರಿಸಿಕೊಂಡ ನಮ್ಮಜ್ಜಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಆಗ ಪದ ಬಿಡಿಸಿಕೊಂಡಿತು. ಹೇತು ಅಂದರೆ ಕಾರಣ. ಆಭಾಸ ಅಂದರೆ ಹಾಗೆ ತೋರುವುದು. ಕಾರಣದ ವೇಷ ಹಾಕಿಕೊಂಡಿದೆ, ಕಾರಣ ಅಲ್ಲ. ಇಲ್ಲಿ ಬೈಗುಳ ಇಲ್ಲ. ಬೆರಳು ಹೋಗುವುದು ಮನುಷ್ಯನ ಕಡೆಗಲ್ಲ, ಅವನು ‘ಯಾಕಂದ್ರೆ’ ಅಂದಮೇಲೆ ಏನು ಹೇಳಿದನೋ ಅದರ ಕಡೆಗೆ. ಮುಂದಿನ ಕರಡಿನಲ್ಲಿ ನಾನು ಮಾಡಿದ್ದೂ ಇಷ್ಟೇ. ಪ್ರತಿ ಉದಾಹರಣೆಯನ್ನೂ ‘ಯಾಕಂದ್ರೆ’ ಹಾಕಿ ಬರೆದುಕೊಂಡೆ. ಹಾಗೆ ಬರೆಯಲು ಆಗದ ಕಡೆ ‘ಫ್ಯಾಲಸಿ’ ಅಂದರೆ ಬರೀ ತಪ್ಪು ನಂಬಿಕೆ ಅಂತ ಅರ್ಥ. ಅಲ್ಲಿ ‘ತಪ್ಪು ಕಲ್ಪನೆ’ ಅಂತ ಬರೆದೆ. ಬೇಕಂತಲೇ ದಾರಿ ತಪ್ಪಿಸುವ ಭಾಷಣದ ಉದಾಹರಣೆಗಳಿಗೆ ಕುತರ್ಕವನ್ನು ಉಳಿಸಿದೆ. ಉಳಿದದ್ದೆಲ್ಲ ಹೇತ್ವಾಭಾಸ.

ಮುಗೀತು ಅಂದುಕೊಂಡೆ. ಪ್ರೂಫ್ ನೋಡುವ ಹುಡುಗಿ ಫೋನ್ ಮಾಡಿದಳು. ‘ಸರ್, ಜೂಜುಕೋರನಿಗೆ ಆಭಾಸ ಆಯ್ತು ಅಂದ್ರೆ, ಅವನಿಗೆ ಅವಮಾನ ಆಯ್ತು ಅಂತ ತಾನೇ?’

ಅವಳದೇನೂ ತಪ್ಪಿಲ್ಲ. ಮದುವೆಮನೆಯಲ್ಲಿ ಊಟ ಸಾಲದಿದ್ದರೆ ಆಭಾಸ, ಸಭೆಯಲ್ಲಿ ಮೈಕ್ ಕೆಟ್ಟರೆ ಆಭಾಸ. ಕನ್ನಡದ ಕಿವಿಗೆ ಆ ಪದ ಮುಜುಗರ ಅಂತಲೇ ಕೇಳುತ್ತದೆ. ಮೇಷ್ಟ್ರಿಗೆ ಹೇಳಿದರೆ, ‘ಮಕ್ಕಳು ಕಲೀಲಿ ಬಿಡಪ್ಪಾ’ ಅಂದರು. ನನಗೆ ಅಷ್ಟು ಧೈರ್ಯ ಬರಲಿಲ್ಲ.

ಕೊನೆಗೆ ಮೊದಲ ಅಧ್ಯಾಯದಲ್ಲಿ ಹೇತ್ವಾಭಾಸವನ್ನು ಹಸಿ ಸೌದೆಯ ಸಮೇತ ಬಿಡಿಸಿ ಹೇಳಿದೆ. ಮುಂದೆಲ್ಲ ‘ತರ್ಕದೋಷ’ ಅಂತ ಬಳಸಿದೆ. ವೇಷದ ಸೊಗಸು ಅದರಲ್ಲಿಲ್ಲ, ಒಪ್ಪುತ್ತೇನೆ. ನಾಣ್ಯದ ಪಾಠಕ್ಕೆ ಮಾತ್ರ ಆ ಹುಡುಗಿಯೇ ಹೇಳಿದ ತಲೆಬರಹ ಇಟ್ಟೆ: ‘ಜೂಜುಕೋರನ ಯಾಕಂದ್ರೆ.’